ಕಯಾಕ್, ಕಾಯಕ ಮತ್ತು ನಮ್ಮ ಹರಿಗೋಲು



ಈ ಬಾರಿಯ ಬರಹ ಒಂದು ದೋಣಿಯನ್ನು ಕುರಿತದ್ದು. ದೇಗಾಂವದಂಥ ಊರಿನಲ್ಲಿ ಕುಳಿತು ದೋಣಿಯ ಇತಿಹಾಸ ಬರೆಯುವುದು ಕೆಲವರಿಗೆ ವಿನೋದವೆನಿಸೀತು. ಆದರೆ 2002ರಿಂದ ನಾನು ನಿವೃತ್ತನಾದ 2016ರವರೆಗೆ ನನ್ನೊಡನೆ ನೀರಿನ ಶಿಬಿರಗಳಿಗೆ ಬಂದವರು ಹಾಗೆ ಭಾವಿಸಲಾರರು. ಅವರಲ್ಲಿ ಹಲವರು ಈಗ ಸ್ವತಃ ತಾಯಿತಂದೆಯರಾಗಿದ್ದಾರೆ. ‘ಸರ್, ಶಿಬಿರದಲ್ಲಿ ರಾತ್ರಿ ಹೇಳುತ್ತಿದ್ದಿರಲ್ಲ, ಆ ಕಯಾಕಿನ ಕಥೆಯನ್ನು ಬರೆದಿಡಿ, ನಮ್ಮ ಮಕ್ಕಳಿಗೆ ಓದಿಸುತ್ತೇವೆ’ ಎಂದು ಅವರು ಕೇಳುತ್ತಲೇ ಬಂದಿದ್ದಾರೆ. ಅವರ ಒತ್ತಾಯದ ಫಲ ಈ ಲೇಖನ.

ಮೊದಲಿಗೇ ಒಂದು ತಮಾಷೆಯನ್ನು ಹೇಳಿಬಿಡುತ್ತೇನೆ. ಕಪ್ಪು ಹಲಗೆಯ ಮೇಲೆ ನಾನು ‘ಕಯಾಕ್’ ಎಂದು ಬರೆದ ದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, ‘ಸರ್, ದೀರ್ಘ ತಪ್ಪಾದ ಜಾಗದಾಗ ಬಂದೈತಿ, ಅದು ಕಾಯಕ ಆಗಬೇಕು’ ಎಂದ. ಬಸವಣ್ಣನವರ ಧರ್ಮಪತ್ನಿ ಗಂಗಾಂಬಿಕೆಯವರ ಐಕ್ಯಸ್ಥಳ ನಮಗೆ ಹತ್ತಿರದ ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ನಡುವೆಯೇ ಇರುವಾಗ ನಮ್ಮ ಸೀಮೆಯ ಮಕ್ಕಳಿಗೆ ಕಾಯಕವೇ ಮೊದಲು ಹೊಳೆಯುವುದು ಸಹಜ. ಈ ಎರಡು ಶಬ್ದಗಳಿಗೆ ಯಾವ ಸಂಬಂಧವೂ ಇಲ್ಲ. ಒಂದು ಸಂಸ್ಕೃತದ ಕಾಯದಿಂದ ಬಂದದ್ದು, ಇನ್ನೊಂದು ಉತ್ತರ ಧ್ರುವದ ನೆರೆಯ ಇನ್ಯುಯಿಟ್ ಜನರ ಮಾತು. ಹಾಗಿದ್ದರೂ ಆ ಹುಡುಗನ ತಿದ್ದುಪಡಿಯನ್ನು ನಾನು ಹಲಗೆಯಿಂದ ಒರೆಸಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುವುದನ್ನೇ ಕಾಯಕವಾಗಿಸಿಕೊಂಡ ಒಬ್ಬ ಶರಣ ನಮ್ಮಲ್ಲಿದ್ದ. ಇತರ ಅನೇಕ ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ, ಅಂಬಿಗರ ಚೌಡಯ್ಯ ತನ್ನ ವೃತ್ತಿ ಮತ್ತು ಹೆಸರನ್ನೇ ಅಂಕಿತವಾಗಿಸಿದ. ಅವನ ಊರೆಂದು ಹೇಳಲಾಗುವ ಚೌಡದಾನಪುರ ಈಗಿನ ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ದಂಡೆಯ ಮೇಲಿದೆ.

ಅದೇ ಶತಮಾನದಲ್ಲಿ ನಮ್ಮ ದೇಗಾಂವದಲ್ಲಿ ಕಮಲನಾರಾಯಣ ದೇವಾಲಯ ತಲೆಯೆತ್ತಿತು. ಗೋವೆಯ ಕದಂಬರ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಅದನ್ನು ಕಟ್ಟಿಸಿದಳು. 1174ರ ಶಾಸನ ಇಲ್ಲಿಯ ಅಗ್ರಹಾರದ ವಿಷಯವನ್ನು ಹೇಳುತ್ತದೆ. ಮೂರು ಗರ್ಭಗುಡಿಗಳ ಆ ದೇವಾಲಯದ ಜಗತಿಯ ಮೇಲೆ ಕುಳಿತೇ ನಾನು ಎಷ್ಟೋ ಇತಿಹಾಸದ ಪಾಠಗಳನ್ನು ಮಾಡಿದ್ದೇನೆ. ಕಂಬಗಳನ್ನೂ ಭಿತ್ತಿಯ ಕೆತ್ತನೆಯನ್ನೂ ತೋರಿಸಿ ಮುಗಿಸಿದ ಮೇಲೆ ನಾನು ಮಕ್ಕಳಿಗೆ ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಗುಡಿಗೆ ಹಣ ಎಲ್ಲಿಂದ ಬಂತು? ‘ಹೊಲದಿಂದ’ ಎಂದು ಉತ್ತರ ಬರುತ್ತಿತ್ತು. ಅದು ಅರ್ಧ ಸರಿ. ಪಲಸಿಗೆ ಹನ್ನೆರಡು ಸಾಸಿರದ ಹೊಲಗದ್ದೆಗಳ ಜೊತೆಗೆ ಕೊಂಕಣ ಒಂಬೈನೂರರ ರೇವುಗಳೂ ಕದಂಬರ ಕೈಯಲ್ಲಿದ್ದವು. ಆ ವಂಶದ ಗುಹಲ್ಲದೇವ ಸಮುದ್ರಮಾರ್ಗವಾಗಿ ಸೋಮನಾಥ ಯಾತ್ರೆಗೆ ಹೊರಟಾಗ ಹಡಗಿನ ಕೂವೆಮರ ಮುರಿದು, ಗೋವೆಯಲ್ಲಿ ಅರಬ ವರ್ತಕನೊಬ್ಬನ ನೆರವು ಪಡೆದನೆಂದು ಶಾಸನವೇ ಹೇಳುತ್ತದೆ. ಗೋವೆಯ ವಸ್ತುಸಂಗ್ರಹಾಲಯದಲ್ಲಿ ಹಡಗಿನ ಕಾಳಗವನ್ನು ಕೆತ್ತಿದ ವೀರಗಲ್ಲುಗಳಿವೆ. ಹುಟ್ಟು ಹಾಕುವವರು ಸಾಲಾಗಿ ಕುಳಿತಿದ್ದಾರೆ. ನಮ್ಮ ಊರಿನ ಗುಡಿಯನ್ನು ಕಟ್ಟಿಸಿದ್ದು ನೀರನ್ನು ಬಲ್ಲ ಮನೆತನ. ನಾವು, ಅವರ ಗುಡಿಯ ನೆರಳಿನಲ್ಲಿ ಬೆಳೆದವರು, ನೀರಿಗೆ ಹೆದರುವವರಾದೆವು. ಇದು ಹೇಗಾಯಿತೆಂಬುದೇ ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ.

ಸಮುದ್ರ ದೂರದ್ದಾಯಿತು, ಹೊಳೆಯ ಮಾತನ್ನು ನೋಡೋಣ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರ, ಎಂ.ಕೆ. ಹುಬ್ಬಳ್ಳಿಗಳನ್ನು ಹಾಯ್ದು, ಸವದತ್ತಿಯ ಬಳಿಯ ನವಿಲುತೀರ್ಥದ ಕಮರಿಯನ್ನು ಸೀಳಿ, ಮುನವಳ್ಳಿ, ರಾಮದುರ್ಗಗಳ ಮೂಲಕ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಈ ಹೊಳೆ ಆಚೆ ಈಚೆಯ ಊರುಗಳನ್ನು ಬೇರೆ ಬೇರೆ ದೇಶಗಳನ್ನಾಗಿ ಮಾಡುತ್ತಿತ್ತು. ಆಗ ದಾಟಿಸುತ್ತಿದ್ದುದು ಹರಿಗೋಲು. ಬಿದಿರಿನ ಸೀಳುಗಳನ್ನು ದೊಡ್ಡ ಬುಟ್ಟಿಯಂತೆ ಹೆಣೆದು, ಹೊರಗೆ ಎಮ್ಮೆ ಅಥವಾ ಎತ್ತಿನ ಚರ್ಮ ಹೊದಿಸಿದರೆ ಹರಿಗೋಲಾಯಿತು. ಮೂತಿಯಿಲ್ಲ, ಹಿಂಬದಿಯಿಲ್ಲ. ಆಳ ಕಡಿಮೆಯಿರುವ ಕಡೆ, ಬಂಡೆಗಳ ನಡುವೆ, ಸುಳಿಯುಳ್ಳ ನೀರಿನಲ್ಲಿ ಅದಕ್ಕಿಂತ ಸೂಕ್ತವಾದದ್ದು ಇನ್ನೊಂದಿಲ್ಲ. ಕೆಲಸ ಮುಗಿದ ಮೇಲೆ ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಹೋಗಬಹುದು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡೆಗೆ ಹೊಳೆ ದಾಟುವ ಈ ಬುಟ್ಟಿಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಒಯ್ಯುತ್ತವೆ, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತವೆ, ನೇರವಾಗಿ ಹೋಗಲಾರದೆ ಸದಾ ತಿರುಗುತ್ತಲೇ ಇರುತ್ತವೆ ಎಂಬುದು ಅವನ ವಿವರಣೆಯ ಸಾರ. ಅವನಿಗಿಂತ ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬ್ಯಾಬಿಲೋನಿನಲ್ಲಿ ಇಂಥದೇ ಗುಂಡು ಚರ್ಮದ ದೋಣಿಗಳನ್ನು ಕಂಡು ಬರೆದಿದ್ದ. ಮೇಲಿನ ಅರ್ಮೇನಿಯದಿಂದ ವರ್ತಕರು ಸರಕಿನ ಜೊತೆಗೆ ಒಂದು ಕತ್ತೆಯನ್ನೂ ದೋಣಿಯೊಳಗೆ ಇಟ್ಟುಕೊಂಡು ಹರಿವಿನೊಡನೆ ಇಳಿದು ಬರುತ್ತಿದ್ದರು. ಪಟ್ಟಣದಲ್ಲಿ ಸರಕನ್ನೂ ದೋಣಿಯ ಚೌಕಟ್ಟನ್ನೂ ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿ ನಡೆದು ಹಿಂದಿರುಗುತ್ತಿದ್ದರು. ಈ ಪ್ರಸಂಗವನ್ನು ಹೇಳಿದಾಗಲೆಲ್ಲ ತರಗತಿಯಲ್ಲಿ ಕತ್ತೆಯ ಬಗೆಗೆ ಬಂದಷ್ಟು ಪ್ರಶ್ನೆಗಳು ಬ್ಯಾಬಿಲೋನಿನ ಬಗೆಗೆ ಬರುತ್ತಿರಲಿಲ್ಲ!

ನಮ್ಮ ಹೊಳೆಯ ಇತಿಹಾಸದಲ್ಲಿ ಒಂದು ಕರಾಳ ದಿನವೂ ಉಂಟು. 1800ರ ಜುಲೈ 30ರಂದು, ಧೋಂಡಿಯಾ ವಾಘನ ಬೆನ್ನಟ್ಟಿ ಬಂದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿ ಪ್ರಸಿದ್ಧನಾದವನು, ಮುನವಳ್ಳಿಯ ಎದುರಿಗೆ ಮಲಪ್ರಭೆಯ ದಂಡೆಯ ಮೇಲಿದ್ದ ಅವನ ಪಾಳೆಯದ ಮೇಲೆ ಬಿದ್ದ. ಹೊಳೆ ತುಂಬಿತ್ತು. ಸುಮಾರು ಐದು ಸಾವಿರ ಜನರನ್ನು ನೀರಿಗೆ ಅಟ್ಟಿದೆ, ಅವರು ಮುಳುಗಿದರು ಎಂದು ಎರಡು ದಿನಗಳ ನಂತರ ಸವದತ್ತಿಯ ಬಿಡಾರದಿಂದ ಥಾಮಸ್ ಮನ್ರೋಗೆ ಅವನೇ ಬರೆದ. ಪಾಳೆಯವೆಂದರೆ ಸೈನಿಕರಷ್ಟೇ ಅಲ್ಲ. ಹೆಂಗಸರು, ಮಕ್ಕಳು, ಅಡುಗೆಯವರು, ದನಗಾಹಿಗಳು. ಅದೇ ಅಭಿಯಾನದಲ್ಲಿ ಕಂಪನಿಯ ಸೈನ್ಯ ತುಂಬಿದ ಹೊಳೆಗಳನ್ನು ದಾಟಿದ್ದು ಚರ್ಮ ಹೊದಿಸಿದ ಬುಟ್ಟಿದೋಣಿಗಳಲ್ಲಿ. ದೋಣಿಯುಳ್ಳವರು ದಾಟಿದರು, ಇಲ್ಲದವರು ಮುಳುಗಿದರು. ಪಠ್ಯಪುಸ್ತಕಗಳಲ್ಲಿ ಈ ಸಂಗತಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಸೇತುವೆಗಳು ಬಂದಂತೆ ಹರಿಗೋಲುಗಳು ಒಂದೊಂದಾಗಿ ಮೂಲೆ ಸೇರಿದವು. ಅಂಬಿಗರ ಮಕ್ಕಳು ಬೇರೆ ದುಡಿಮೆ ಹಿಡಿದರು. ಅದನ್ನು ಯಾರೂ ಆಕ್ಷೇಪಿಸುವಂತಿಲ್ಲ. 1970ರ ದಶಕದ ಆರಂಭದಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದು 37 ಟಿಎಂಸಿಗೂ ಹೆಚ್ಚು ನೀರು ಹಿಡಿಯುವ ರೇಣುಕಾಸಾಗರ ನಿರ್ಮಾಣವಾಯಿತು. ನಮ್ಮ ಸೀಮೆಯವರು ಅಷ್ಟು ನೀರನ್ನು ಒಂದೇ ಕಡೆ ಹಿಂದೆಂದೂ ಕಂಡಿರಲಿಲ್ಲ. ವಿಚಿತ್ರವೆಂದರೆ, ನೀರು ಹೆಚ್ಚಿದಂತೆ ಅದರ ಪರಿಚಯ ಕಡಿಮೆಯಾಯಿತು. ನನ್ನ ಅಜ್ಜನ ಕಾಲದ ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಧುಮುಕಿ ಈಜು ಕಲಿತರು. ನನ್ನ ವಿದ್ಯಾರ್ಥಿಗಳ ಕಾಲಕ್ಕೆ ಬಾವಿಗಳು ಬತ್ತಿ, ಕೊಳವೆಬಾವಿಗಳು ಬಂದಿದ್ದವು. ಕೊಳವೆಬಾವಿಯಲ್ಲಿ ಈಜು ಕಲಿಯುವುದು ಹೇಗೆ? ಹೀಗಾಗಿ ಪ್ರತಿ ಬೇಸಿಗೆಯ ರಜೆ ಮುಗಿದು ಶಾಲೆ ತೆರೆದಾಗ ನನಗೊಂದು ಅಳುಕು ಇರುತ್ತಿತ್ತು. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಕಾಲುವೆಯಲ್ಲೋ ಕೆರೆಯಲ್ಲೋ ಹೋದ ಮೂವರು ಮಕ್ಕಳ ಹೆಸರುಗಳನ್ನು ಹಾಜರಿ ಪುಸ್ತಕದಿಂದ ನನ್ನ ಕೈಯಾರೆ ತೆಗೆದಿದ್ದೇನೆ. ಅವರ ಹೆಸರುಗಳನ್ನು ಇಲ್ಲಿ ಬರೆಯಲಾರೆ.

2001ರ ಡಿಸೆಂಬರಿನಲ್ಲಿ, ನನ್ನ ನಲವತ್ತೈದನೆಯ ವಯಸ್ಸಿನಲ್ಲಿ, ಸಾಗರ ತಾಲ್ಲೂಕಿನ ಹೊನ್ನೆಮರಡುವಿಗೆ ಹೋಗುವ ಅವಕಾಶ ದೊರೆಯಿತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ದಂಡೆಯ ಪುಟ್ಟ ಊರು ಅದು. ಅಲ್ಲಿ ಎಸ್.ಎಲ್.ಎನ್. ಸ್ವಾಮಿ ಮತ್ತು ನೊಮಿತೊ ಕಾಮ್ದಾರ್ ದಂಪತಿ ‘ಅಡ್ವೆಂಚರರ್ಸ್’ ಸಂಸ್ಥೆಯ ಮೂಲಕ ಶಾಲಾ ಕಾಲೇಜುಗಳ ಮಕ್ಕಳನ್ನು ನೀರಿಗೆ ಪರಿಚಯಿಸುವ ಕೆಲಸವನ್ನು ವರ್ಷಗಳಿಂದ ಮಾಡಿಕೊಂಡು ಬಂದಿದ್ದರು. ದಡದಲ್ಲಿ ಹರಿಗೋಲುಗಳೂ ಕಯಾಕುಗಳೂ ಅಕ್ಕಪಕ್ಕದಲ್ಲೇ ಬೋರಲು ಬಿದ್ದಿದ್ದವು. ಆ ನೋಟವೇ ಈ ಲೇಖನದ ಬೀಜ.

ಕಯಾಕಿನಲ್ಲಿ ಕೂರುವುದು ಬೇರೆ ದೋಣಿಗಳಲ್ಲಿ ಕೂತಂತಲ್ಲ. ಕಾಲು ಚಾಚಿ, ನೀರಿನ ಮಟ್ಟಕ್ಕಿಂತ ತುಸು ಕೆಳಗೇ ಕೂರಬೇಕು. ಸೊಂಟ ಅಲುಗಿದರೆ ದೋಣಿ ಅಲುಗುತ್ತದೆ. ಎರಡೂ ತುದಿಗೆ ಎಲೆಯುಳ್ಳ ಹುಟ್ಟನ್ನು ತೋಳಿನಿಂದ ಎಳೆಯಬಾರದು, ಮೈ ತಿರುಗಿಸಿ ಎಳೆಯಬೇಕು. ಎಲ್ಲಕ್ಕಿಂತ ಮೊದಲು ಕಲಿಸುವುದು ಮಗುಚುವುದನ್ನು. ತಲೆಕೆಳಗಾಗಿ, ಗಾಬರಿಯಾಗದೆ, ದೋಣಿಯಿಂದ ಜಾರಿ ಹೊರಗೆ ಬರುವುದನ್ನು. ಮುಳುಗುವುದನ್ನೇ ಪಾಠದ ಮೊದಲ ಅಧ್ಯಾಯವಾಗಿಸಿದ ವಿದ್ಯೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮಂಜಿನಲ್ಲಿ ಹಿನ್ನೀರಿನ ನಡುವಿನ ನಡುಗಡ್ಡೆಯವರೆಗೆ ಹೋಗಿ ಬಂದಾಗ ನನಗಾದ ಸಂತೋಷವನ್ನು ಬಣ್ಣಿಸಲು ಹೋಗುವುದಿಲ್ಲ. ನನ್ನ ಶ್ರೀಮತಿಯವರು ಇಂದಿಗೂ, ‘ಮದುವೆಯ ದಿನ ಕೂಡ ನಿಮ್ಮ ಮುಖ ಹಾಗಿರಲಿಲ್ಲ’ ಎನ್ನುತ್ತಾರೆ. ಆ ನೀರಿನ ಕೆಳಗೆ ಊರುಗಳಿದ್ದವೆಂಬುದನ್ನೂ ಅಲ್ಲಿಯ ಹಿರಿಯರು ಮರೆಯದೆ ಹೇಳಿದರು.

ಊರಿಗೆ ಮರಳಿ ಕಯಾಕಿನ ಮೂಲವನ್ನು ಹುಡುಕತೊಡಗಿದೆ. ಗ್ರೀನ್‌ಲ್ಯಾಂಡ್, ಅಲಾಸ್ಕಾಗಳ ಹಿಮಸೀಮೆಯಲ್ಲಿ ಮರಗಳೇ ಇಲ್ಲವೆನ್ನುವಷ್ಟು ಕಡಿಮೆ. ಸೈಬೀರಿಯದ ನದಿಗಳು ಸಮುದ್ರಕ್ಕೆ ತಳ್ಳಿದ ಮರದ ತುಂಡುಗಳು ತೇಲುತ್ತ ಗ್ರೀನ್‌ಲ್ಯಾಂಡಿನ ದಡಕ್ಕೆ ಬಂದರೆ ಅದೇ ಸಂಪತ್ತು. ಅದೂ ಸಿಗದಿದ್ದಲ್ಲಿ ತಿಮಿಂಗಿಲದ ಎಲುಬು. ಅದರಿಂದ ಚೌಕಟ್ಟು ಕಟ್ಟಿ, ಸೀಲ್ ಎಂಬ ಕಡಲ ಪ್ರಾಣಿಯ ಚರ್ಮ ಹೊದಿಸುತ್ತಿದ್ದರು. ಓದುತ್ತ ಹೋದಂತೆ ನನಗೆ ಹೊಳೆದದ್ದು, ಇದು ನಮ್ಮ ಹರಿಗೋಲಿನದೇ ಯುಕ್ತಿ. ಹಲಗೆಯ ಮರ ದುರ್ಲಭವಾದಲ್ಲಿ ಹಗುರ ಹಂದರಕ್ಕೆ ಚರ್ಮ ಹೊದಿಸು. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತದ್ದಲ್ಲ, ಅಗತ್ಯ ಇಬ್ಬರಿಗೂ ಕಲಿಸಿತು. ಮದ್ರಾಸಿನಲ್ಲಿ ಮೀನುಗಾರಿಕೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ಎಂಬ ವಿದ್ವಾಂಸರು ಜಗತ್ತಿನ ಚರ್ಮದೋಣಿಗಳ ಬಗೆಗೆ ಬಹಳ ಬರೆದವರು. 1946ರ ಅವರ ಜಲಸಾರಿಗೆಯ ಗ್ರಂಥದಲ್ಲಿ ಟೈಗ್ರಿಸ್ ನದಿಯ ದೋಣಿ, ದಕ್ಷಿಣ ಭಾರತದ ಹರಿಗೋಲು, ಧ್ರುವದ ಕಯಾಕ್ ಎಲ್ಲಕ್ಕೂ ಸ್ಥಾನವಿದೆ.

ವ್ಯತ್ಯಾಸವೂ ಸ್ವಾರಸ್ಯವಾದದ್ದು. ಹರಿಗೋಲು ಊರಿಗೆಲ್ಲ ಒಂದು. ಕಯಾಕ್ ಒಬ್ಬನಿಗೆ ಒಂದು. ಬೇಟೆಗಾರನ ಮೈ ಅಳತೆಗೇ ಅದನ್ನು ಕಟ್ಟುತ್ತಿದ್ದರು. ಗ್ರೀನ್‌ಲ್ಯಾಂಡಿನಲ್ಲಿ ಉದ್ದ ಸಾಮಾನ್ಯವಾಗಿ ಅವನ ಮೂರು ಮಾರು, ಅಗಲ ಅವನ ಸೊಂಟಕ್ಕಿಂತ ಒಂದೆರಡು ಮುಷ್ಟಿ ಹೆಚ್ಚು. ಮಾರು, ಮೊಳ, ಗೇಣುಗಳಲ್ಲಿ ಅಳೆಯುತ್ತಿದ್ದ ನಮ್ಮ ಬಡಿಗರಿಗೆ ಇದನ್ನು ವಿವರಿಸುವ ಅಗತ್ಯವೇ ಇರುತ್ತಿರಲಿಲ್ಲ. ಚರ್ಮ ಹೊಲಿಯುವುದು ಹೆಂಗಸರ ಕೆಲಸ. ಸೂಜಿ ಚರ್ಮದ ಪೂರ್ತಿ ಆಳಕ್ಕೆ ಇಳಿಯದಂತೆ ಹೊಲಿದರೆ ಮಾತ್ರ ನೀರು ಒಸರದು. ಗಂಡಸಿನ ಜೀವ ಆ ಹೊಲಿಗೆಯಲ್ಲಿತ್ತು.

ಯುರೋಪಿನಲ್ಲಿ ಇದನ್ನು ವಿಹಾರವಾಗಿ ಜನಪ್ರಿಯಗೊಳಿಸಿದವನು ಲಂಡನ್ನಿನ ವಕೀಲ ಜಾನ್ ಮ್ಯಾಕ್‌ಗ್ರೆಗರ್. 1865ರಲ್ಲಿ ‘ರಾಬ್ ರಾಯ್’ ಎಂಬ ಮರದ ದೋಣಿಯಲ್ಲಿ ಯುರೋಪಿನ ನದಿಗಳನ್ನು ಸುತ್ತಿ, ಮರುವರ್ಷ ಪುಸ್ತಕ ಬರೆದ. 1905ರಲ್ಲಿ ಜರ್ಮನಿಯ ವಿದ್ಯಾರ್ಥಿ ಆಲ್‌ಫ್ರೆಡ್ ಹೊಯ್ರಿಚ್ ಮಡಚಿ ಚೀಲದಲ್ಲಿ ಒಯ್ಯಬಹುದಾದ ಕಯಾಕನ್ನು ರೂಪಿಸಿದ. ಅದರ ಹಕ್ಕನ್ನು ಕೊಂಡು ತಯಾರಿಸಿದವನು ಯೋಹಾನ್ ಕ್ಲೆಪರ್ ಎಂಬ ದರ್ಜಿ. ದೋಣಿ ಮತ್ತೆ ಹೊಲಿಯುವವರ ಕೈಗೇ ಬಂದದ್ದು ನೋಡಿ! ಅಂಥದೇ ಮಡಚುವ ಕಯಾಕಿನಲ್ಲಿ ನಿರುದ್ಯೋಗಿ ಯುವಕ ಆಸ್ಕರ್ ಸ್ಪೆಕ್ 1932ರಲ್ಲಿ ಜರ್ಮನಿಯಿಂದ ಹೊರಟು, ಭಾರತದ ಪಶ್ಚಿಮ ಕರಾವಳಿಯಗುಂಟ ಇಳಿದು, 1935ರಲ್ಲಿ ಸಿಂಹಳವನ್ನು ಮುಟ್ಟಿ, 1939ರಲ್ಲಿ ಆಸ್ಟ್ರೇಲಿಯಾದ ಅಂಚನ್ನು ತಲುಪಿದ. ಆಗ ಮಹಾಯುದ್ಧ ಆರಂಭವಾಗಿತ್ತು. ಶತ್ರುದೇಶದವನೆಂದು ಅವನನ್ನು ಬಂಧಿಸಿದರು. ಕದಂಬರ ಹಡಗುಗಳು ಓಡಾಡಿದ ಅದೇ ನೀರಿನಲ್ಲಿ, ಗೋವೆ ಕಾರವಾರಗಳ ಮುಂದಿನಿಂದ, ಒಬ್ಬಂಟಿ ಮನುಷ್ಯನೊಬ್ಬ ಬಟ್ಟೆಯ ದೋಣಿಯಲ್ಲಿ ಹಾದುಹೋದನೆಂಬುದು ನಮ್ಮವರಿಗೆ ಅಷ್ಟಾಗಿ ತಿಳಿದಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಕಯಾಕ್ ಸ್ಪರ್ಧೆಯಾಯಿತು. 1948ರ ಲಂಡನ್ ಕೂಟದಲ್ಲಿ ಮಹಿಳೆಯರಿಗೂ ಅವಕಾಶ ದೊರೆಯಿತು.

ಈ ಕೊನೆಯ ಇಸವಿ ನನಗೆ ಬಹಳ ಉಪಯೋಗಕ್ಕೆ ಬಂತು. ಹುಡುಗಿಯರನ್ನು ಶಿಬಿರಕ್ಕೆ ಕಳಿಸಿರೆಂದು ಮನೆಮನೆಗೆ ಹೋದಾಗ, ‘ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕ್ರೀ ಮಾಸ್ತರ’ ಎಂಬುದೇ ಎಲ್ಲೆಡೆ ಮಾತು. 1948ರಲ್ಲೇ ಹೆಂಗಸರು ನಡೆಸಿದ್ದಾರೆಂದು ಹೇಳಿದರೆ ಒಬ್ಬಿಬ್ಬರು ಒಪ್ಪುತ್ತಿದ್ದರು. ಹೊಳೆಗೆ ಬಟ್ಟೆ ಒಗೆಯಲು ಹೋಗುವವರು ನಿಮ್ಮ ಹೆಣ್ಣುಮಕ್ಕಳೇ ಅಲ್ಲವೇ ಎಂದು ಕೇಳಿದರೆ ಹೆಚ್ಚು ಜನ ಒಪ್ಪುತ್ತಿದ್ದರು. 2002ರ ಮೊದಲ ತಂಡದಲ್ಲಿ ಹನ್ನೆರಡು ಹುಡುಗರು, ಇಬ್ಬರು ಹುಡುಗಿಯರು. 2009ರ ತಂಡದಲ್ಲಿ ಹುಡುಗಿಯರೇ ಹೆಚ್ಚು.

ನನ್ನ ನಿಯಮಗಳು ನಿಮಗೆ ನೆನಪಿರಬಹುದು. ತೇಲಲು ಬಾರದವರಿಗೆ ಹುಟ್ಟು ಇಲ್ಲ. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ನಾನೇ ಎಳೆದು ನೋಡಬೇಕು. ಎಷ್ಟೇ ಬಲ್ಲವರಾಗಲಿ, ಒಂಟಿಯಾಗಿ ನೀರಿಗೆ ಇಳಿಯಕೂಡದು. ಕೊನೆಯದಕ್ಕೆ ನಾನು ಕೊಡುತ್ತಿದ್ದ ಉದಾಹರಣೆ ಗಿನೋ ವಾಟ್ಕಿನ್ಸ್. ಮಗುಚಿದ ಕಯಾಕನ್ನು ಕುಳಿತಲ್ಲಿಂದಲೇ ಮತ್ತೆ ನೆಟ್ಟಗಾಗಿಸುವ ವಿದ್ಯೆಯನ್ನು ಗ್ರೀನ್‌ಲ್ಯಾಂಡಿನವರಿಂದ ಕಲಿತ ಮೊದಲ ಇಂಗ್ಲಿಷರಲ್ಲಿ ಆತನೂ ಒಬ್ಬ. 1932ರಲ್ಲಿ ಒಬ್ಬನೇ ಬೇಟೆಗೆ ಹೋಗಿ ಹಿಂದಿರುಗಲಿಲ್ಲ. ಆಗ ಅವನಿಗೆ ಇಪ್ಪತ್ತೈದು ವರ್ಷ. ಈಗ ದಾಂಡೇಲಿ, ಗಣೇಶಗುಡಿಗಳ ಕಾಳಿ ಹೊಳೆಯಲ್ಲಿ ಪ್ರವಾಸಿಗರು ಕಯಾಕಿನಲ್ಲಿ ಕುಳಿತು ಅರ್ಧ ಗಂಟೆಯಲ್ಲಿ ಹತ್ತು ಫೋಟೋ ತೆಗೆಸಿಕೊಂಡು ಹೋಗುವುದನ್ನು ನೋಡಿದಾಗ, ಅವರಿಗೆ ಮಗುಚುವುದನ್ನು ಯಾರಾದರೂ ಕಲಿಸಿದ್ದಾರೆಯೇ ಎಂದು ಕೇಳಬೇಕೆನಿಸುತ್ತದೆ. ಮುದುಕನ ಗೊಣಗಾಟವೆಂದು ನೀವು ನಗಬಹುದು.

2005ರ ತಂಡದಲ್ಲಿ ಪೋಲಿಯೋದಿಂದ ಒಂದು ಕಾಲು ಸೊರಗಿದ್ದ ಹುಡುಗನೊಬ್ಬನಿದ್ದ. ಕಬಡ್ಡಿಯ ಹೊತ್ತಿನಲ್ಲಿ ಗೆಳೆಯರ ಅಂಗಿಗಳನ್ನು ಕಾಯುವುದು ಅವನ ಪಾಲಿನ ಕೆಲಸವಾಗಿತ್ತು. ಊರುಗೋಲು ಒತ್ತಿ ಒತ್ತಿ ಅವನ ಭುಜಗಳು ಗಟ್ಟಿಯಾಗಿದ್ದವು. ಕಯಾಕಿನಲ್ಲಿ ಕಾಲುಗಳು ಒಳಗೆ ಮರೆಯಾಗುತ್ತವೆ. ದಡದಲ್ಲಿ ನಿಂತವರಿಗೆ ಕಾಣುವುದು ಸೊಂಟದ ಮೇಲಿನ ದೇಹ ಮಾತ್ರ. ಎರಡನೆಯ ದಿನ ಅವನು ಎಲ್ಲರಿಗಿಂತ ಮುಂದಿದ್ದ. ಯಾರೂ ಅವನಿಗಾಗಿ ನಿಧಾನಿಸಿರಲಿಲ್ಲವೆಂಬುದನ್ನು ನಾನು ಚೆನ್ನಾಗಿ ಬಲ್ಲೆ. 2021ರಲ್ಲಿ ನಡೆದ ಟೋಕಿಯೋ ಪ್ಯಾರಾಲಿಂಪಿಕ್ಸಿನಲ್ಲಿ ಗ್ವಾಲಿಯರಿನ ಪ್ರಾಚಿ ಯಾದವ್ ಈ ಕ್ರೀಡೆಯಲ್ಲಿ ಭಾರತದ ಮೊದಲ ಸ್ಪರ್ಧಿಯಾಗಿ ಫೈನಲ್ ತಲುಪಿದಾಗ, ಮತ್ತೆ 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಕಯಾಕ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದಾಗ, ಎರಡೂ ಸಲ ಮೊದಲು ದೂರವಾಣಿ ಮಾಡಿದವನು ಅವನೇ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಎಷ್ಟೋ ಊರುಗಳು ನೀರಿನಲ್ಲಿ ನಿಂತದ್ದು ನಿಮಗೆಲ್ಲ ಗೊತ್ತು. ಹೊಳೆದಂಡೆಯ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋಗಿದ್ದ ನನ್ನ ವಿದ್ಯಾರ್ಥಿನಿ ನಂತರ ಬಂದು ಹೇಳಿದ ಸಂಗತಿ ಇದು. ಅವರ ಓಣಿಯವರು ಟ್ರ್ಯಾಕ್ಟರಿನ ಟ್ಯೂಬುಗಳ ಮೇಲೆ ಹಲಗೆ ಕಟ್ಟಿ ಮುದುಕರನ್ನು ಸಾಗಿಸುತ್ತಿದ್ದರು. ಏರುವವರೆಲ್ಲ ಹೆದರಿ ಎದ್ದು ನಿಲ್ಲುತ್ತಿದ್ದರು, ಹಲಗೆ ವಾಲುತ್ತಿತ್ತು. ಇವಳು ಎದೆಮಟ್ಟದ ನೀರಿನಲ್ಲಿ ನಿಂತು ಒಬ್ಬೊಬ್ಬರನ್ನೂ ಕಾಲು ಚಾಚಿ ಕೂರಿಸಿ, ಇಬ್ಬರು ಒಂದೇ ಮಗ್ಗುಲಿಗೆ ಬಾರದಂತೆ ನೋಡಿಕೊಂಡಳಂತೆ. ‘ಹದಿಮೂರು ಮಂದಿ ಸರ್, ಮತ್ತ ಒಂದು ಆಡು’ ಎಂದಳು. ಅವಳ ಅತ್ತೆ ಆ ಹದಿಮೂರರಲ್ಲಿ ಒಬ್ಬರು. ಶಿಬಿರಕ್ಕೆ ಕಳಿಸಲು ಅವಳ ತಂದೆ ಮೂರು ಸಲ ಇಲ್ಲವೆಂದಿದ್ದರು.

ನನ್ನ ಸೇವೆಯ ಕೊನೆಯ ವರ್ಷ ಮಕ್ಕಳೊಡನೆ ಒಂದು ಹರಿಗೋಲನ್ನೇ ಹೆಣೆದೆವು. ಹೆಣೆಯುವುದನ್ನು ಕಲಿಸಿದವರು ಬುಟ್ಟಿ ನೇಯುವ ಎಂಬತ್ತರ ಅಜ್ಜ. ಅವರು ಚಿಕ್ಕಂದಿನಲ್ಲಿ ತಮ್ಮ ತಂದೆ ಹರಿಗೋಲು ಕಟ್ಟುವುದನ್ನು ಕಂಡಿದ್ದರು. ಚರ್ಮದ ಬದಲು ತಾಡಪಾಲು, ಅದರ ಮೇಲೆ ಡಾಂಬರು. ಅಳತೆಯನ್ನು ಅಜ್ಜ ಮೊಳದಲ್ಲೇ ಹೇಳಿದರು, ಹುಡುಗರು ಟೇಪು ಹಿಡಿದು ಸೆಂಟಿಮೀಟರಿಗೆ ಬರೆದುಕೊಂಡರು. ಎರಡೂ ತಾಳೆಯಾಗದೆ ಸ್ವಲ್ಪ ವಾದವಾಯಿತು; ಕೊನೆಗೆ ಅಜ್ಜನ ಮೊಳವೇ ಗೆದ್ದಿತು. ಊರ ಕೆರೆಯಲ್ಲಿ ಇಳಿಸಿದಾಗ, ಕಯಾಕನ್ನು ಬಾಣದಂತೆ ಓಡಿಸಬಲ್ಲ ಹುಡುಗರು ಹರಿಗೋಲಿನಲ್ಲಿ ಗಿರಗಿರನೆ ತಿರುಗಿ, ಎಲ್ಲಿಂದ ಹೊರಟರೋ ಅಲ್ಲಿಗೇ ಬಂದರು. ಅಜ್ಜ ಹತ್ತಿ ಕುಳಿತು, ಹುಟ್ಟನ್ನು ಮುಂದೆ ಎಂಟರ ಅಂಕಿಯಂತೆ ಆಡಿಸುತ್ತ, ನೇರವಾಗಿ ಆಚೆ ದಡಕ್ಕೆ ಹೋದರು. ಅವರು ತೀರಿಕೊಂಡು ನಾಲ್ಕು ವರ್ಷಗಳಾದವು. ಆ ಕೈಚಳಕವನ್ನು ಅವರಿಂದ ಪೂರ್ತಿಯಾಗಿ ಕಲಿತವರು ಇಬ್ಬರೇ ವಿದ್ಯಾರ್ಥಿಗಳು. ಒಬ್ಬ ಪುಣೆಯಲ್ಲಿದ್ದಾನೆ, ಇನ್ನೊಬ್ಬಳು ಕಿತ್ತೂರಿನಲ್ಲೇ ಶಿಕ್ಷಕಿಯಾಗಿದ್ದಾಳೆ. ತಾಡಪಾಲು ಹರಿದುಹೋಯಿತು. ಬಿದಿರಿನ ಚೌಕಟ್ಟು ನಮ್ಮ ಹಿತ್ತಲಿನಲ್ಲಿ ಬೋರಲಾಗಿದೆ, ಪಕ್ಕದ ಮನೆಯವರು ಅದರ ಕೆಳಗೆ ಕೋಳಿಮರಿಗಳನ್ನು ಮುಚ್ಚುತ್ತಾರೆ. ಆ ಶಿಕ್ಷಕಿ ಬರುವ ಬೇಸಿಗೆಯಲ್ಲಿ ಹೊಸ ತಾಡಪಾಲು ತರುತ್ತೇನೆಂದು ಹೇಳಿಹೋಗಿದ್ದಾಳೆ. ಕೋಳಿಮರಿಗಳಿಗೆ ಬೇರೆ ಬುಟ್ಟಿ ಹುಡುಕಬೇಕು.